ಹತ್ತನೇ ವ್ಯಾಗನ್

2020ರ ಮಾರ್ಚ್ ಕೊನೆಯಲ್ಲಿ ದೇಶದ ಪ್ಯಾಸೆಂಜರ್ ರೈಲುಗಳೆಲ್ಲ ನಿಂತವಲ್ಲ, ಆಗ ನಮ್ಮ ಮನೆಯ ಗಡಿಯಾರವೇ ನಿಂತಂತಾಯಿತು. ನಮ್ಮ ಮನೆಗೂ ರೈಲ್ವೆ ಹಳಿಗೂ ನಡುವೆ ಎರಡೇ ಹೊಲ. ಬೆಳಗಿನ ಗಾಡಿ ಕೂಗಿದರೆ ಅಪ್ಪ ಟೀ ಕುಡಿಯಬೇಕು, ಸಂಜೆ ಗಾಡಿ ಹೋದರೆ ದನ ಕಟ್ಟಬೇಕು. ಗಾಡಿ ನಿಂತ ಮೇಲೆ ಅಪ್ಪ ಜಗಲಿ ಮೇಲೆ ಸುಮ್ಮನೆ ಕೂತುಬಿಟ್ಟರು. ರಾತ್ರಿ ಗೂಡ್ಸ್ ಹೋದರೆ ಮಾತ್ರ ಕತ್ತಲಲ್ಲೇ ವ್ಯಾಗನ್ ಎಣಿಸುತ್ತಿದ್ದರು. ಕಣ್ಣಿಂದಲ್ಲ, ಕಿವಿಯಿಂದ.

ಅದೇ ಹೊತ್ತಿಗೆ ನಾವು ಸುದ್ದಿ ಕಳಿಸುವ ಪತ್ರಿಕೆಯ ಜಿಲ್ಲಾ ಪುಟಗಳೂ ಕರಗಿದವು. ಅಚ್ಚಾದ ಸುದ್ದಿಯ ಲೆಕ್ಕದಲ್ಲಿ ದುಡ್ಡು ಪಡೆಯುವವರಿಗೆ ಪುಟ ಸಣ್ಣದಾದರೆ ಕಿರಾಣಿ ಅಂಗಡಿಯ ಬಾಕಿ ದೊಡ್ಡದಾಗುತ್ತದೆ. (ಇಲ್ಲಿ ‘ನಾವು’ ಎಂದರೆ ಒಬ್ಬನೇ ಆಸಾಮಿ. ವರದಿಯಲ್ಲಿ ‘ನಾನು’ ಬರಬಾರದು ಎಂದು ಡಿಪ್ಲೊಮಾ ಕ್ಲಾಸಿನಲ್ಲಿ ತಲೆಗೆ ತುಂಬಿದ್ದು ಇನ್ನೂ ಇಳಿದಿಲ್ಲ.) ಕೆಲಸ ಇಲ್ಲ, ಹೊರಗೆ ಹೋಗುವಂತಿಲ್ಲ. ಹಳೇ ಟ್ರಂಕು ಬಿಚ್ಚಿದಾಗ ಸಿಕ್ಕಿದ್ದೇ ಆ ಪುಸ್ತಕ.

ಡಿಪ್ಲೊಮಾ ಓದುವಾಗ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ನಲವತ್ತು ರೂಪಾಯಿಗೆ ಕೊಂಡಿದ್ದು. ರಟ್ಟು ಹೋಗಿತ್ತು, ಮೊದಲ ಪುಟವೂ ಇಲ್ಲ. ಅಮೆರಿಕದ್ದು ಎನ್ನುವುದಷ್ಟೇ ಗೊತ್ತು. ಒಳಗೆ ಬರೀ ರೈಲು ಹಳಿಗಳ ನಕ್ಷೆ. ನಿಜವಾದ ರೈಲಿನದಲ್ಲ, ಆಟದ ರೈಲಿನದು. ಆಟ ಎಂದರೆ ಜಾತ್ರೆಯಲ್ಲಿ ಸಿಗುವ ಕೀಲಿ ಕೊಡುವ ರೈಲಲ್ಲ. ಆ ದೇಶದಲ್ಲಿ ದೊಡ್ಡವರೇ ಮನೆಯ ನೆಲಮಾಳಿಗೆಯಲ್ಲಿ ಮರದ ಹಲಗೆ ಹಾಕಿ, ಅದರ ಮೇಲೆ ಹಳಿ, ಗುಡ್ಡ, ಸೇತುವೆ, ಊರು ಎಲ್ಲ ಕಟ್ಟಿ, ಅಂಗೈಯಷ್ಟಿರುವ ಎಂಜಿನ್ ಓಡಿಸುತ್ತಾರೆ. ಅಲ್ಲಿ ಹೆಚ್ಚು ಜನ ಬಳಸುವ ಅಳತೆಗೆ ‘ಎಚ್‌ಓ’ ಎನ್ನುತ್ತಾರೆ. ನಿಜವಾದ ರೈಲಿನ 87ನೇ ಒಂದು ಪಾಲು. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಒಂದು ಪ್ಲೈವುಡ್ ಹಲಗೆ ಇದ್ದರೆ ಒಂದು ಪುಟ್ಟ ರೈಲ್ವೆಯೇ ಆಯಿತು.

ಹಲಗೆಗೆ ನಮ್ಮಲ್ಲಿ ದುಡ್ಡಿರಲಿಲ್ಲ. ಆದರೆ ಲ್ಯಾಪ್‌ಟಾಪಿನಲ್ಲಿ ಟ್ರೈನ್ಜ್ ಇತ್ತು. 2001ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಔರನ್ ಎಂಬ ಕಂಪನಿ ಹೊರತಂದ ರೈಲು ಓಡಿಸುವ ತಂತ್ರಾಂಶ ಅದು. ಯಾವಾಗಲೋ ರಿಯಾಯಿತಿಯಲ್ಲಿ ಅದರ ಹಳೇ ಆವೃತ್ತಿ ಕೊಂಡಿದ್ದೆವು. ಅದರಲ್ಲಿ ರೈಲು ಓಡಿಸುವುದಷ್ಟೇ ಅಲ್ಲ, ನೆಲ ಮಾಡಿ ಹಳಿಯನ್ನೂ ಹಾಕಬಹುದು. 720 ಮೀಟರ್ ಉದ್ದಗಲದ ಖಾಲಿ ಹೊಲ ಕೊಡುತ್ತದೆ. ಉಳಿದದ್ದು ನಮ್ಮದು. ಪುಸ್ತಕದ ನಕ್ಷೆಯನ್ನು ಆ ಹೊಲದ ಮೇಲೆ ಚಾಪೆಯ ಹಾಗೆ ಹಾಸಿ, ಗೆರೆಯ ಮೇಲೆ ಗೆರೆಯಂತೆ ಹಳಿ ಎಳೆದು, ಆಮೇಲೆ ಚಾಪೆ ಸುತ್ತಿ ತೆಗೆದುಬಿಡುವುದು. ಹೇಳಲು ಇಷ್ಟೇ.

ಮೊದಲ ಸಲ ಮೊಬೈಲಿನಲ್ಲೇ ಪುಟದ ಫೋಟೊ ಹೊಡೆದೆವು. ನಕ್ಷೆಯ ಕೆಳಗೆ ಚೌಕುಳಿ ಇತ್ತು, ಒಂದು ಚೌಕಕ್ಕೆ ಒಂದು ಅಡಿ. ಎಡ ಅಂಚಿನ ನಾಲ್ಕು ಚೌಕ ಹಿಡಿದು ಅಳತೆ ಕೂರಿಸಿ ಹಳಿ ಹಾಕುತ್ತಾ ಹೋದೆವು. ಬಲಗಡೆ ಬರುವಷ್ಟರಲ್ಲಿ ದುಂಡಗಿರಬೇಕಾದ ತಿರುವು ಕೋಳಿಮೊಟ್ಟೆಯಂತಾಗಿತ್ತು. ಫೋಟೊ ಹೊಡೆಯುವಾಗ ಕೈ ಸ್ವಲ್ಪ ಓರೆಯಾದರೂ ದೂರದ ಅಂಚು ಸಣ್ಣದಾಗುತ್ತದೆ. ಪುಸ್ತಕದ ಹೊಲಿಗೆ ಹತ್ತಿರ ಕಾಗದ ಬಾಗಿದ್ದರೆ ಅಲ್ಲಿ ಚೌಕವೇ ಕಿರಿದಾಗುತ್ತದೆ. ಎರಡು ರಾತ್ರಿಯ ಕೆಲಸ ನೀರಲ್ಲಿ ಹೋಮ.

ಲಾಕ್‌ಡೌನ್ ಸಡಿಲವಾದ ಮೇಲೆ ಪುಟ ಬಿಚ್ಚಿ ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಈ ಸಲ ಒಂದು ಪಾಠ ಕಲಿತಿದ್ದೆವು. ಅಳತೆ ಕೂರಿಸಲು ಆದಷ್ಟು ದೂರದೂರದ ಎರಡು ಬಿಂದು ಹಿಡಿಯಬೇಕು. ಆಮೇಲೆ ಅವೆರಡಕ್ಕೂ ಸಂಬಂಧವಿಲ್ಲದ ಮೂರನೇ ಬಿಂದು ತೆಗೆದುಕೊಂಡು ಅದು ಸರಿಯಾಗಿ ಬಂತೇ ನೋಡಬೇಕು. ಮೊದಲಿನ ಎರಡು ಬಿಂದು ನೀವು ಹೇಳಿದ್ದನ್ನೇ ಹೇಳುತ್ತವೆ. ಮೂರನೆಯದೇ ಸಾಕ್ಷಿ. ಸುದ್ದಿಗೂ ಇದೇ ಲೆಕ್ಕ. ಒಬ್ಬರ ಹೇಳಿಕೆ ತಂದು ‘ಸತ್ಯ’ ಎಂದು ಕಳಿಸಿ ಬೈಸಿಕೊಂಡ ದಿನಗಳು ನೆನಪಾದವು.

ಲೆಕ್ಕ ಹಾಕಿದರೆ ಮಜಾ ಇದೆ. ಒಂದು ಅಡಿಯ ಚೌಕ 87 ಪಟ್ಟು ಬೆಳೆದು ನೆಲದ ಮೇಲೆ 26.5 ಮೀಟರ್ ಆಗುತ್ತದೆ. ನಾಲ್ಕು-ಎಂಟರ ಹಲಗೆ 106 ಮೀಟರ್ ಅಗಲ, 212 ಮೀಟರ್ ಉದ್ದದ ಹೊಲವಾಗುತ್ತದೆ. ಅಂದರೆ ಐದೂವರೆ ಎಕರೆ. ಆ ಹಲಗೆ ಪುಸ್ತಕದಲ್ಲಿ ಎಂಟು ಇಂಚು ಉದ್ದ ಅಚ್ಚಾಗಿತ್ತು. ಹಾಗಾಗಿ ಕಾಗದದ ಒಂದು ಮಿಲಿಮೀಟರ್ ನೆಲದ ಒಂದು ಮೀಟರಿಗಿಂತ ಚೂರು ಹೆಚ್ಚು. ಅಚ್ಚಿನ ಗೆರೆಯ ದಪ್ಪವೇ ಅರ್ಧ ಮಿಲಿಮೀಟರ್ ಇದ್ದರೆ? ಗೆರೆಯ ಯಾವ ಅಂಚಿನಲ್ಲಿ ಹಳಿ ಹಾಕಿದಿರಿ ಎನ್ನುವುದರಲ್ಲೇ ಅರ್ಧ ಮೀಟರ್ ಹೋಯಿತು. ಜಮೀನು ಸರ್ವೆ ಜಗಳ ಕಂಡವರಿಗೆ ಇದು ಹೊಸ ಮಾತಲ್ಲ.

ಅಂತೂ ಹಳಿ ಮುಗಿಸಿ, ರೈಲು ಬಿಟ್ಟು, ಅಪ್ಪನನ್ನು ಕರೆದು ತೋರಿಸಿದೆವು. ಅಪ್ಪ ಮೂವತ್ತಮೂರು ವರ್ಷ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಹಳಿ ತಿರುಗಿಸಿ ಗಾಡಿಯನ್ನು ಯಾವ ಲೈನಿಗೆ ಬಿಡಬೇಕೋ ಆ ಲೈನಿಗೆ ಬಿಡುವ, ವ್ಯಾಗನ್ ಬಿಚ್ಚಿ ಕೂಡಿಸುವ ಕೆಲಸ. ಮೇಜಿನ ಮುಂದೆ ಕೂತು ಒಂದು ಸುತ್ತು ನೋಡಿದರು.

“ಇದು ಯಾವ ಲೈನೋ?”

“ಅಮೆರಿಕದ್ದಪ್ಪ.”

“ಅಮೆರಿಕದಲ್ಲಾದರೂ ಗಾಲಿಗೆ ಗಾಲಿ ಅನ್ನೋ ಬುದ್ಧಿ ಇರುತ್ತಲ್ಲ. ಇಂಥ ತಿರುವಲ್ಲಿ ಬೋಗಿ ಹೆಂಗೆ ತಿರುಗುತ್ತೆ? ನೋಡಲ್ಲಿ, ಮೂಲೆಗೆ ಮೂಲೆ ಗುದ್ದಾಡ್ತಾ ಇದಾವೆ.”

ನಿಜ. ಎರಡು ಬೋಗಿಗಳ ಮೂಲೆ ಒಂದರೊಳಗೊಂದು ಹೊಕ್ಕಿದ್ದವು. ಆ ನಕ್ಷೆಯ ತಿರುವಿನ ತ್ರಿಜ್ಯ 18 ಇಂಚು. 87 ಪಟ್ಟು ಮಾಡಿದರೆ 40 ಮೀಟರ್. ನಮ್ಮ ರೈಲ್ವೆಯಲ್ಲಿ ಬ್ರಾಡ್‌ಗೇಜ್ ತಿರುವು 175 ಮೀಟರಿಗಿಂತ ಬಿಗಿಯಾಗುವಂತಿಲ್ಲ, ಮೀಟರ್‌ಗೇಜಿಗೆ 109 ಮೀಟರ್, ನ್ಯಾರೋಗೇಜಿಗೂ 44 ಮೀಟರ್ ಬೇಕು. ಅಮೆರಿಕದವರ ಹಲಗೆಯ ಮೇಲೆ ಪುಟ್ಟ ಎಂಜಿನ್ ತಿರುಗುತ್ತದೆ, ಯಾಕೆಂದರೆ ಅದನ್ನು ತಿರುಗುವ ಹಾಗೆಯೇ ಮಾಡಿರುತ್ತಾರೆ. ಅದೇ ನಕ್ಷೆಯನ್ನು ನಿಜದ ಅಳತೆಗೆ ಹಿಗ್ಗಿಸಿದರೆ ಸುಳ್ಳು ಬಯಲಾಗುತ್ತದೆ. ಅಪ್ಪನಿಗೆ ತ್ರಿಜ್ಯ ಗಿಜ್ಯ ಗೊತ್ತಿಲ್ಲ. ಇಂಗ್ಲಿಷ್ ಓದಲೂ ಬರುವುದಿಲ್ಲ. ಅರ್ಧ ನಿಮಿಷ ನೋಡಿ ಹೇಳಿದರು.

ಮಾರನೇ ದಿನದಿಂದ ಜಗಲಿ ಬಿಟ್ಟು ನಮ್ಮ ಪಕ್ಕ ಕೂರಲು ಶುರು ಮಾಡಿದರು.

ಅವರಿಗೆಂದೇ ಇನ್ನೊಂದು ನಕ್ಷೆ ಹುಡುಕಿದೆವು. ಇಂಗ್ಲೆಂಡಿನ ಅಲನ್ ರೈಟ್ ಎಂಬವರು ಮಾಡಿದ ‘ಇಂಗಲ್‌ನುಕ್’. ಎರಡೇ ಪಾಯಿಂಟು, ಮೂರು ಲೈನು. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತದೆ, ಉಳಿದ ಎರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಆಡುವ ತುಂಡು ಲೈನಿನಲ್ಲಿ ಎಂಜಿನ್ ಜತೆ ಮೂರೇ ವ್ಯಾಗನ್. ಒಟ್ಟು ಎಂಟು ವ್ಯಾಗನ್ ಇಟ್ಟು, ಚೀಟಿ ಎತ್ತಿ ಬಂದ ಐದು ವ್ಯಾಗನ್‌ಗಳನ್ನು ಚೀಟಿಯ ಕ್ರಮದಲ್ಲೇ ಜೋಡಿಸಬೇಕು. ಅಂಥ ಐದರ ಜೋಡಣೆಗಳು 6,720 ಇವೆ. ಒಂದು ಲೈನಿನಲ್ಲಿ ಒಂದು ವ್ಯಾಗನ್ ಜಾಗ ಕಮ್ಮಿಯಾದರೂ ಆಟ ಕೆಟ್ಟಿತು. ಇಡೀ ಆಟ ನಿಂತಿರುವುದೇ ಯಾವ ಲೈನಿಗೆ ಎಷ್ಟು ವ್ಯಾಗನ್ ಎನ್ನುವುದರ ಮೇಲೆ.

ಕಂಪ್ಯೂಟರಿಗೆ ಹಾಕುವ ಮೊದಲು ಅಪ್ಪ ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಬೆಂಕಿಪೊಟ್ಟಣ ಇಟ್ಟು ಆಡಿದರು. ಅವ್ವ ಬಾಗಿಲಲ್ಲಿ ನಿಂತು ನೋಡಿ, “ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು” ಅಂದರು. ನಮಗೆ ಅರ್ಧ ಗಂಟೆ ಹಿಡಿದದ್ದು ಅಪ್ಪನಿಗೆ ಐದು ನಿಮಿಷ.

ಕಂಪ್ಯೂಟರಿನಲ್ಲಿ ಮಾತ್ರ ಮೂರು ವ್ಯಾಗನ್ ಹಿಡಿಯಬೇಕಾದ ಲೈನಿನಲ್ಲಿ ಎರಡೂವರೆಯೇ ಹಿಡಿದವು. ಅಳತೆ ಮೂರು ಸಲ ನೋಡಿದೆವು, ಸರಿಯಿತ್ತು. ಅಪ್ಪನೇ ಹಿಡಿದರು. “ಪಾಯಿಂಟು ಇಷ್ಟು ಚೋಟುದ್ದದಲ್ಲಿ ತಿರುಗಲ್ಲ ಕಣೋ. ಎಂಟೂವರೆಗೆ ಒಂದು, ಇಲ್ಲಾ ಹನ್ನೆರಡಕ್ಕೆ ಒಂದು.” ಅಂದರೆ ಕವಲೊಡೆದ ಹಳಿ ಎಂಟೂವರೆ ಅಡಿ ಮುಂದೆ ಹೋದಾಗ ಒಂದು ಅಡಿ ಅತ್ತ ಸರಿಯುತ್ತದೆ. ಕಾಗದದ ಮೇಲೆ ಬರೆಯುವವರು ಅಷ್ಟು ಉದ್ದ ಬಿಡದೆ ಗೆರೆಯನ್ನು ಚಕ್ಕನೆ ತಿರುಗಿಸಿಬಿಡುತ್ತಾರೆ. ಅಚ್ಚಾದ ನಕ್ಷೆಗಳಲ್ಲಿ ಈ ಕಳ್ಳತನ ಬಹಳ. ಅದರ ಮೇಲೆ ನಿಜದ ಪಾಯಿಂಟು ಇಟ್ಟರೆ ಅದು ಲೈನಿನ ಉದ್ದವನ್ನು ತಿನ್ನುತ್ತದೆ. ಅಪ್ಪ ಆಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, “ನಮ್ಮ ಯಾರ್ಡೂ ಹಿಂಗೇ. ಕಾಗದದಲ್ಲಿ ಹತ್ತು, ನೆಲದಲ್ಲಿ ಒಂಬತ್ತು.”

ಆ ಮಾತಿನ ಹಿಂದಿನ ಕಥೆ ನಮಗೆ ಅವ್ವನಿಂದ ಅಷ್ಟಿಷ್ಟು ಗೊತ್ತಿತ್ತು. ಅಪ್ಪನ ಬಾಯಿಂದ ಕೇಳಿದ್ದು ಆವತ್ತೇ.

1988ರ ಮಳೆಗಾಲ. ಆಗ ನಮ್ಮ ಕಡೆ ಮೀಟರ್‌ಗೇಜ್. ಸ್ಟೇಷನ್ ಪಕ್ಕ ಗೂಡ್ಸ್ ಶೆಡ್ಡು, ಅದರ ಮುಂದೆ ಒಂದು ಡೆಡ್‌ಎಂಡ್ ಲೈನು. ರಸಗೊಬ್ಬರದ ವ್ಯಾಗನ್ ಹತ್ತು ಬಂದಿದ್ದವು. ಹತ್ತನ್ನೂ ಆ ಲೈನಿಗೆ ತಳ್ಳಿ ಎಂದು ಮೇಲಿನಿಂದ ಹೇಳಿದರು. ಹಿಡಿಸಲ್ಲ ಎಂದು ಅಪ್ಪ ಹೇಳಿದರಂತೆ. ಕೇಳಿದವರು ಯಾರೂ ಇಲ್ಲ. ಎರಡು ಹಳಿಗಳು ಕೂಡುವ ಕಡೆ ನಡುವೆ ಒಂದು ಬಿಳಿ ಗುರುತು ಇರುತ್ತದೆ, ಫೌಲಿಂಗ್ ಮಾರ್ಕ್ ಅಂತ. ವ್ಯಾಗನ್ ಅದರಾಚೆ ಚಾಚಿದ್ದರೆ ಪಕ್ಕದ ಲೈನಿನ ಗಾಡಿಗೆ ತಾಗುತ್ತದೆ. ಹತ್ತನೇ ವ್ಯಾಗನ್ ಚಾಚಿತ್ತು. ಕತ್ತಲಾದ ಮೇಲೆ ಲೂಪ್ ಲೈನಿಗೆ ಬಂದ ಪ್ಯಾಸೆಂಜರಿನ ಎಂಜಿನ್ ಅದರ ಮೂಲೆಗೆ ಸವರಿ ವ್ಯಾಗನ್ ಹಳಿ ಬಿಟ್ಟು ವಾಲಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಲೈನು ನಾಲ್ಕು ಗಂಟೆ ಬಂದ್. ಅಪ್ಪನಿಗೆ ಚಾರ್ಜ್‌ಶೀಟ್, ಎರಡು ವರ್ಷ ಇನ್‌ಕ್ರಿಮೆಂಟ್ ಕಟ್. ಆ ವರ್ಷವೇ ಅವ್ವನ ಎರಡು ಬಳೆ ಮಾರಿದ್ದು.

ಅಪ್ಪನ ವಾದ ಇಷ್ಟೇ. ಆ ಲೈನಿನ ಉದ್ದ ದಾಖಲೆಯಲ್ಲಿ ಆರು ರೈಲು. (ಹಳಿಯ ಒಂದು ತುಂಡಿಗೆ ‘ರೈಲು’ ಎನ್ನುತ್ತಾರೆ, ಮೀಟರ್‌ಗೇಜಿನದು 12 ಮೀಟರ್.) ಆದರೆ ಹಿಂದಿನ ವರ್ಷ ಡೆಡ್‌ಎಂಡ್ ರಿಪೇರಿ ಮಾಡಿದಾಗ ಅರ್ಧ ರೈಲು ಒಳಕ್ಕೆ ತಂದು ಕಟ್ಟಿದ್ದರು. ಕಾಗದ ತಿದ್ದಲಿಲ್ಲ.

ಆ ಯಾರ್ಡು ಈಗ ಇಲ್ಲ. 1992ರಲ್ಲಿ ರೈಲ್ವೆ ಎಲ್ಲವನ್ನೂ ಒಂದೇ ಗೇಜಿಗೆ ತರುವ ಯುನಿಗೇಜ್ ಯೋಜನೆ ಶುರು ಮಾಡಿತಲ್ಲ, ಅದರಲ್ಲಿ ನಮ್ಮ ಊರಿನ ಹಳಿಯೂ ಕಿತ್ತು ಹೋಯಿತು.

ಇಲ್ಲಿ ಪುಸ್ತಕದ ಕಡೆಯ ಒಬ್ಬರ ಕಥೆ ಹೇಳಬೇಕು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಆಲನ್ ಎಂಬವರಿದ್ದರು. ಮನೆಯ ನೆಲಮಾಳಿಗೆಯಲ್ಲಿ ‘ಗೋರಿ ಅಂಡ್ ಡಿಫೀಟೆಡ್’ ಎಂಬ ಪುಟ್ಟ ರೈಲ್ವೆಯನ್ನು ವರ್ಷಾನುಗಟ್ಟಲೆ ಕಟ್ಟಿದರು. ನೆಲದಿಂದ ಸೂರಿನವರೆಗೆ ಗುಡ್ಡಗಳು. 1973ರ ಜನವರಿಯಲ್ಲಿ ತೀರಿಕೊಂಡರು. ಹತ್ತು ದಿನಕ್ಕೆ ಆ ಮನೆಗೆ ಬೆಂಕಿ ಬಿದ್ದು ಹೆಚ್ಚುಕಡಿಮೆ ಎಲ್ಲವೂ ಸುಟ್ಟುಹೋಯಿತು. ಆದರೆ ಅದರ ಫೋಟೊಗಳೂ ನಕ್ಷೆಯೂ ಪತ್ರಿಕೆ, ಪುಸ್ತಕಗಳಲ್ಲಿ ಅಚ್ಚಾಗಿದ್ದವು. ಬೇಕೆಂದವರು ಇವತ್ತೂ ಆ ಅಚ್ಚಿನ ನಕ್ಷೆ ಹಿಡಿದು ಕೂರಬಹುದು. ಆಟದ ರೈಲಿಗೆ ಇರುವಷ್ಟು ಕಾಗದ ನಮ್ಮ ಅಪ್ಪನ ನಿಜದ ಯಾರ್ಡಿಗೆ ನಮ್ಮ ಕೈಯಲ್ಲಿರಲಿಲ್ಲ.

ಕ್ಯಾಲೆಂಡರಿನ ಹಿಂಬದಿಯಲ್ಲಿ ಅಪ್ಪನೇ ಬರೆದರು. ಮೂರು ಸಂಜೆ ಹಿಡಿಯಿತು. ಅಡಿ, ಮೀಟರ್ ಏನೂ ಇಲ್ಲ, ಎಲ್ಲ ರೈಲಿನ ಲೆಕ್ಕ, ಇಲ್ಲವೇ ಹೆಜ್ಜೆಯ ಲೆಕ್ಕ. ಕ್ಯಾಬಿನ್ನಿಂದ ಮೊದಲ ಪಾಯಿಂಟಿಗೆ ಇಷ್ಟು ಹೆಜ್ಜೆ, ನೀರಿನ ಕಂಬದಿಂದ ಬೇವಿನ ಮರಕ್ಕೆ ಎರಡು ರೈಲು. ಅದನ್ನೇ ಸ್ಕ್ಯಾನ್ ಮಾಡಿ, ಅಮೆರಿಕದ ನಕ್ಷೆಗೆ ಮಾಡಿದಂತೆಯೇ ನೆಲಕ್ಕೆ ಹಾಸಿದೆವು. ಮೂರನೇ ಬಿಂದು ಬೇಕಲ್ಲ? ಗೂಡ್ಸ್ ಶೆಡ್ಡಿನ ಕಲ್ಲಿನ ಕಟ್ಟೆ ಇನ್ನೂ ಜಾಲಿ ಪೊದೆಯಲ್ಲಿ ನಿಂತಿದೆ. ಸ್ಟೇಷನ್ನಿನವರಿಗೆ ಹೇಳಿ, ಟೇಪು ಹಿಡಿದು ಅಳೆದೆವು. ಅಪ್ಪನ ಚಿತ್ರದಲ್ಲಿ ಮೂರು ರೈಲು, ಅಂದರೆ 36 ಮೀಟರ್. ಟೇಪಿನಲ್ಲಿ 36 ಮೀಟರ್, ಮೇಲೆ ಒಂದು ಗೇಣು. ಮೂವತ್ತು ವರ್ಷದ ಮೇಲಿನ ನೆನಪು ಒಂದು ಗೇಣು ತಪ್ಪಿತ್ತು.

ಡೆಡ್‌ಎಂಡ್ ಇದ್ದ ಜಾಗದ ಮೇಲೆ ಮಾತ್ರ ಈಗ ಕಾಂಕ್ರೀಟ್ ಬಿದ್ದಿದೆ. ಅಲ್ಲಿ ಅಳೆಯಲು ಏನೂ ಉಳಿದಿಲ್ಲ.

ನಾವು ಎರಡು ಯಾರ್ಡು ಮಾಡಿದೆವು. ಒಂದರಲ್ಲಿ ಲೈನು ಆರು ರೈಲು, 72 ಮೀಟರ್. ಇನ್ನೊಂದರಲ್ಲಿ ಐದೂವರೆ, 66 ಮೀಟರ್. ಅಪ್ಪನ ಲೆಕ್ಕದಲ್ಲಿ ಕೊಂಡಿ ಸೇರಿ ವ್ಯಾಗನ್ ಒಂದಕ್ಕೆ ಏಳು ಮೀಟರ್. ಮೊದಲನೆಯದರಲ್ಲಿ ಹತ್ತೂ ಹಿಡಿಸಿ ಎರಡು ಮೀಟರ್ ಉಳಿಯಿತು. ಎರಡನೆಯದರಲ್ಲಿ ಹತ್ತನೆಯದು ಬಿಳಿ ಗುರುತು ದಾಟಿ ನಾಲ್ಕು ಮೀಟರ್ ಚಾಚಿತು. ಎರಡೂ ಪರದೆಯ ಮೇಲೆ ಅಚ್ಚುಕಟ್ಟಾಗಿ, ಹುಲ್ಲು, ನೆರಳು ಎಲ್ಲ ಸೇರಿ, ನಿಜದಂತೆಯೇ ಕಾಣುತ್ತಿದ್ದವು. ಅದೇ ಭಯವಾದದ್ದು. ನಾವು ಏನು ಬರೆದರೂ ತಂತ್ರಾಂಶ ಅದನ್ನು ಆಗಿಹೋದ ಸಂಗತಿಯ ಹಾಗೆ ತೋರಿಸುತ್ತದೆ. ಅರ್ಧ ರೈಲು ಯಾರು ಹೇಳಿದ್ದು? ಅಪ್ಪ. ಆರೋಪ ಯಾರ ಮೇಲಿತ್ತು? ಅಪ್ಪನ ಮೇಲೆ. ಬೇರೆ ಯಾರದ್ದಾದರೂ ಅಪ್ಪ ಆಗಿದ್ದರೆ ಈ ಸುದ್ದಿಯನ್ನು ಡೆಸ್ಕಿಗೆ ಕಳಿಸುತ್ತಿದ್ದೆವಾ? ಇಲ್ಲ. ಕಟ್ಟೆ ಅಳತೆಗೆ ಸರಿ ಬಂದಿದ್ದು ಅಪ್ಪನ ನೆನಪು ಚೆನ್ನಾಗಿದೆ ಎಂದಷ್ಟೇ ಹೇಳುತ್ತದೆ.

ಇದನ್ನು ಅಪ್ಪನಿಗೆ ಹೇಗೆ ಹೇಳುವುದು ಎಂದು ಎರಡು ದಿನ ತಳ್ಳಿದೆವು. ಮೂರನೇ ದಿನ ಎರಡನ್ನೂ ತೋರಿಸಿದೆವು, ಮೊದಲು ಆರು ರೈಲಿನದು, ಆಮೇಲೆ ಐದೂವರೆಯದು. ಎರಡನೆಯದರಲ್ಲಿ ಕತ್ತಲು ಮಾಡಿ, ಲೂಪಿಗೆ ಪ್ಯಾಸೆಂಜರ್ ತಂದು, ವ್ಯಾಗನ್ ಹತ್ತಿರ ನಿಲ್ಲಿಸಿದೆವು. ಮುಂದಕ್ಕೆ ಬಿಡಲು ಕೈ ಬರಲಿಲ್ಲ.

ಅಪ್ಪ ಪರದೆ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು. “ಸರಿಯಾಗಿ ಹಾಕಿದೀಯ. ಅರ್ಧ ರೈಲು ಅಲ್ಲೇ ಹೋಗಿದ್ದು” ಅಂದರು. ನಾವು ಏನೂ ಅನ್ನಲಿಲ್ಲ. ಆಮೇಲೆ ಅವರೇ ಬೆರಳನ್ನು ಬಿಳಿ ಗುರುತಿನ ಮೇಲಿಟ್ಟರು.

“ಆದರೂ ಇಲ್ಲಿಗಂಟ ನಡಕೊಂಡು ಹೋಗಿ ನೋಡಬೇಕಿತ್ತು. ಕಂದೀಲು ಹಿಡಕೊಂಡು ಹೋಗಿ ನೋಡೋದೇ ನನ್ನ ಕೆಲಸ. ಮಳೆ ಜೋರಿತ್ತು ಕಣೋ. ಕ್ಯಾಬಿನ್ ಬಾಗಿಲಲ್ಲೇ ನಿಂತು ಸರಿ ಇದೆ ಅಂತ ಕೈದೀಪ ಅಲ್ಲಾಡಿಸಿಬಿಟ್ಟೆ.”

ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ಮತ್ತೆ ಶುರುವಾಯಿತು.

“ಆ ಕೊನೇದನ್ನ ಬಿಚ್ಚು” ಅಂದರು ಅಪ್ಪ. “ತಗೊಂಡು ಹೋಗಿ ಮೂರನೇ ಲೈನಿಗೆ ಬಿಡು.”

ಪ್ಯಾಸೆಂಜರನ್ನು ಹಿಂದಕ್ಕೆ ಒಯ್ದು, ಶಂಟಿಂಗ್ ಎಂಜಿನ್ ತಂದು, ಹತ್ತನೆಯದನ್ನು ಬಿಚ್ಚಿ ಎಳೆದುಕೊಂಡು ಹೋಗಿ ಬಿಟ್ಟೆವು.

“ಪಾಯಿಂಟು ತಿರುಗಿಸಿದೆಯಾ? ನೋಡಿ ಹೇಳು.”

“ತಿರುಗಿಸಿದೆ ಅಪ್ಪ.”

“ನೋಡಿ ಹೇಳು ಅಂದೆ.”

ಕ್ಯಾಮೆರಾ ಅಲ್ಲಿಗೆ ಒಯ್ದು ನೋಡಿದೆವು. ತಿರುಗಿತ್ತು.

“ಹ್ಞಾಂ. ಈಗ ಬಿಡು ಪ್ಯಾಸೆಂಜರ್.”